ಕುಡಿತದ ಹಪಹಪಿಗೆ ಮಾತ್ರೆ: ಹೊತ್ತು ಸರಿ ಮಾಡ್ಕೊಂಡ ಮೇಲೆ ನಾಲ್ಟ್ರೆಕ್ಸೋನ್ ನನ್ನ ಕೈ ಹಿಡಿದಿದ್ದು

ಮಾತ್ರೆಯಿಂದ ಕುಡಿತ ಬಿಡಕ್ಕಾಗುತ್ತಾ, ಮನಸ್ಸು ಗಟ್ಟಿ ಮಾಡ್ಕೋ ಅಷ್ಟೆ ಅಂತ ನಂಗೆ ಬುದ್ಧಿ ಹೇಳಿದೋರೇ ಈಗ ಫೋನ್ ಮಾಡಿ ಯಾವ ಮಾತ್ರೆ, ಎಷ್ಟು ಹೊತ್ತಿಗೆ ತಗೋತಿದ್ದೆ, ಎಷ್ಟು ತಿಂಗಳು ತಗೊಂಡೆ ಅಂತ ಕೇಳ್ತಿದಾರೆ, ತಮ್ಮಂಗೋ ಮಗಂಗೋ ಬೇಕಂತೆ. ಒಬ್ಬೊಬ್ಬರಿಗೂ ಮೊದಲಿಂದ ಹೇಳೋ ಬದಲು ಒಂದೇ ಸಲ ಬರೆದಿಡ್ತೀನಿ. ಕುಡಿತದ ಆಸೆ ತಗ್ಗಿಸೋ ನಾಲ್ಟ್ರೆಕ್ಸೋನ್ ಮಾತ್ರೆಯ ಈ ದಾರಿ ಹಿಡಿದು ಮೂರು ವರ್ಷದ ಮೇಲಾಯ್ತು, ಒಂದು ಹನಿನೂ ಬೇಡ ಅಂತ ಪೂರ್ತಿ ಬಿಟ್ಟು ಎರಡು ವರ್ಷ ದಾಟಿದೆ, ಹಾಗಾಗಿ ಧೈರ್ಯವಾಗಿ ಹೇಳಬಹುದು.

ಹಪಹಪಿ ಅಂದ್ರೇನು, ಡೀಟಾಕ್ಸ್ ಅಂದ್ರೇನು, ಎಲ್‌ಎಫ್‌ಟಿ (ಲಿವರಿನ ರಕ್ತ ಪರೀಕ್ಷೆ) ರಿಪೋರ್ಟಲ್ಲಿ ಯಾವ ಸಾಲು ನೋಡ್ಬೇಕು ಅನ್ನೋದೆಲ್ಲ ಈ ದಾರೀಲಿ ಸ್ವಲ್ಪ ದೂರ ಬಂದೋರಿಗೆ ಗೊತ್ತಿರುತ್ತೆ, ಅದಕ್ಕೆ ಕೈ ಹಾಕಲ್ಲ. ನನ್ನ ಲೆಕ್ಕ ಮಾತ್ರ ಹೇಳ್ತೀನಿ: ದಿನಾ ಸಂಜೆ ಆರೇಳು ದೊಡ್ಡ ಪೆಗ್, ರಜಾ ದಿನ ಮಧ್ಯಾಹ್ನದಿಂದಲೇ ಶುರು, ಹತ್ತು ಹನ್ನೆರಡು ವರ್ಷ ಹೀಗೇ ನಡೀತು. ಲಿವರಿಗೆ ಬಿದ್ದ ಪೆಟ್ಟು ತೋರಿಸೋ ಜಿಜಿಟಿ ಮುನ್ನೂರರ ಆಸುಪಾಸು, ಕೆಂಪು ರಕ್ತಕಣದ ಗಾತ್ರ ಹೇಳೋ ಎಂಸಿವಿ 103 ಇದ್ದಿರಬೇಕು, ಎರಡೂ ಜಾಸ್ತಿನೇ, ಬೆಳಗ್ಗೆ ಎದ್ರೆ ಕೈ ನಡುಕ. ಕೆಲಸಕ್ಕೆ ಮಾತ್ರ ಒಂದು ದಿನಾನೂ ತಪ್ಪಿಸ್ತಿರಲಿಲ್ಲ, ಹಾಗಾಗಿ ನೋಡೋರಿಗೆ ಎಲ್ಲ ಸರಿ ಇದೆ ಅನ್ನಿಸ್ತಿತ್ತು.

ಮಾತ್ರೆ ವಿಷ್ಯಕ್ಕೆ ಹೋಗೋ ಮುಂಚೆ ಒಂದು ಮಾತು ಹೇಳಲೇಬೇಕು. ದಿನಾ ಕುಡಿಯೋರು ನಾಳೆಯಿಂದ ಬಂದ್ ಅಂತ ಮನೇಲಿ ಒಬ್ಬರೇ ಕೂತು ನಿಲ್ಲಿಸಕ್ಕೆ ಹೋಗ್ಬೇಡಿ. ಕೊನೇ ಪೆಗ್ ಆಗಿ 6 ಗಂಟೆಯಿಂದ 48 ಗಂಟೆ ಒಳಗೆ ಫಿಟ್ಸ್ ಬರಬಹುದು, ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ಡೆಲಿರಿಯಂ, ಅಂದ್ರೆ ಇಲ್ಲದ್ದು ಕಾಣೋದು, ಜ್ವರ, ಎದೆ ಬಡಿತ, ಇದರಿಂದ ಪ್ರಾಣ ಹೋಗಿರೋದು ಉಂಟು. ನಂಗೆ ಆಸ್ಪತ್ರೇಲಿ ಕ್ಲೋರ್‌ಡಯಾಜೆಪಾಕ್ಸೈಡ್ ಅನ್ನೋ ನಡುಕ, ಫಿಟ್ಸ್ ತಡೆಯೋ ಮಾತ್ರೆ ಕೊಟ್ಟು ಐದಾರು ದಿನದಲ್ಲಿ ಡೋಸ್ ಇಳಿಸ್ಕೊಂಡು ಬಂದ್ರು, ಜೊತೆಗೆ ಥಯಾಮಿನ್ (ಬಿ1 ವಿಟಮಿನ್) ಇಂಜೆಕ್ಷನ್, ಅದೂ ಗ್ಲೂಕೋಸ್ ಹಾಕೋ ಮೊದಲೇ. ಬಿ1 ಖಾಲಿಯಾಗಿರೋ ಮೈಗೆ ಬರೀ ಗ್ಲೂಕೋಸ್ ಹರಿಸಿದ್ರೆ ಮೆದುಳಿಗೆ ಪೆಟ್ಟು ಬೀಳೋ ಅಪಾಯ ಇದೆ ಅಂತ ಡ್ಯೂಟಿ ಡಾಕ್ಟರಮ್ಮ ನರ್ಸಿಗೆ ಹೇಳ್ತಿದ್ದಿದ್ದು ಇನ್ನೂ ಕಿವೀಲಿದೆ. ಆದ್ರೆ ಡೀಟಾಕ್ಸ್ ಅನ್ನೋದು ಮೈಯಿಂದ ಎಣ್ಣೆ ತೆಗೆಯೋದು ಅಷ್ಟೆ, ಸಂಜೆ ಆರೂವರೆಗೆ ಬರೋ ಆ ಚಡಪಡಿಕೆಗೆ ಅದರಲ್ಲಿ ಏನೂ ಇಲ್ಲ. ಮನೆಗೆ ಬಂದ ವಾರದೊಳಗೇ ಮತ್ತೆ ಶುರುವಾಯ್ತು.

ಮೊದಲು ಕೊಟ್ಟಿದ್ದು ಡೈಸಲ್ಫಿರಾಮ್, 250 ಎಂಜಿ, ದಿನಕ್ಕೊಂದು. 1948ರಲ್ಲಿ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕಬ್ಸೆನ್ ಅನ್ನೋರು ಕುಡಿತ ಬಿಡಿಸೋಕೆ ಬಳಸಬಹುದು ಅಂತ ತೋರಿಸಿದ ಔಷಧಿ, ಹಳೇ ಕಾಲದ್ದು. ಇದರ ಮೇಲೆ ಕುಡಿದ್ರೆ ಹತ್ತು ನಿಮಿಷದಿಂದ ಅರ್ಧ ಗಂಟೆ ಒಳಗೆ ಮುಖ ಕೆಂಪಾಗಿ, ಎದೆ ಹೊಡ್ಕೊಂಡು, ವಾಂತಿ ಬಂದು, ಜೀವ ಬಾಯಿಗೆ ಬರುತ್ತೆ, ಯಾಕಂದ್ರೆ ಎಣ್ಣೆ ಮೈಯಲ್ಲಿ ಒಡೆದಾಗ ಬರೋ ಅಸಿಟಾಲ್ಡಿಹೈಡ್ ಅನ್ನೋ ವಿಷ ಕರಗದೆ ರಕ್ತದಲ್ಲೇ ಕೂರುತ್ತೆ. ಹೆದರಿಸಿ ಬಿಡಿಸೋ ಮಾತ್ರೆ ಇದು. ನನ್ನ ವಿಷ್ಯದಲ್ಲಿ ಏನಾಯ್ತು ಅಂದ್ರೆ ಹೆದರಿಕೆ ಇತ್ತು, ಆಸೆ ಎಳ್ಳಷ್ಟೂ ಕಮ್ಮಿ ಆಗಿರಲಿಲ್ಲ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ರಿಯಾಕ್ಷನ್ ಆಗಬಹುದು ಅಂತ ಗೊತ್ತಿತ್ತಲ್ಲ, ನನ್ನ ತಲೆ ಹಗಲೂ ರಾತ್ರಿ ಅದೇ ಲೆಕ್ಕ ಹಾಕ್ತಿತ್ತು, ಇವತ್ತು ನಿಲ್ಲಿಸಿದ್ರೆ ಯಾವ ಶನಿವಾರಕ್ಕೆ ಕುಡೀಬಹುದು ಅಂತ. ಕ್ಯಾಲೆಂಡರಲ್ಲಿ ಎರಡು ವಾರ ಎಣಿಸ್ಕೊಂಡು ಕೂರೋ ಮನುಷ್ಯಂಗೆ ಚಟ ಬಿಟ್ಟಿದೆ ಅನ್ನಕ್ಕಾಗುತ್ತಾ. ಅದರ ಮೇಲೆ ಮೌತ್‌ವಾಶ್, ಶೇವಿಂಗ್ ಆದ್ಮೇಲೆ ಹಚ್ಚೋ ಲೋಷನ್, ಕೆಮ್ಮಿನ ಸಿರಪ್ ಎಲ್ಲದಕ್ಕೂ ಲೇಬಲ್ ಓದಬೇಕು. ಮನೆಯೋರು ಎದುರಿಗೆ ನಿಂತು ನುಂಗಿಸಿ, ತಗೊಳೋನಿಗೂ ಒಪ್ಪಿಗೆ ಇದ್ರೆ ಕೆಲವರಿಗೆ ಇದು ಹಿಡಿಸುತ್ತೆ, ನಾನೇ ಅಂಥೋರನ್ನ ನೋಡಿದೀನಿ. ಆದ್ರೆ ಗೊತ್ತಿಲ್ಲದ ಹಾಗೆ ಊಟದಲ್ಲಿ ಪುಡಿ ಮಾಡಿ ಹಾಕೋರು ಇದಾರಲ್ಲ, ದಯವಿಟ್ಟು ಕೈ ಮುಗಿದು ಕೇಳ್ತೀನಿ, ಆ ಕೆಲಸ ಮಾಡ್ಬೇಡಿ. ಒಳಗೆ ಮಾತ್ರೆ ಇದೆ ಅಂತ ಗೊತ್ತಿಲ್ದೆ ಆತ ಪೂರ್ತಿ ಕುಡಿದ್ರೆ ಬಿಪಿ ಬಿದ್ದು ಅಲ್ಲೇ ಹೋಗಿಬಿಡಬಹುದು.

ಆಮೇಲೆ ಅಕ್ಯಾಂಪ್ರೊಸೇಟ್. 333 ಎಂಜಿಯ ಎರಡೆರಡು ಮಾತ್ರೆ, ದಿನಕ್ಕೆ ಮೂರು ಹೊತ್ತು. ಫ್ರಾನ್ಸಲ್ಲಿ 1989ರಿಂದ ಇದೆ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ. ಇದರ ಒಂದು ಒಳ್ಳೇ ಗುಣ ಅಂದ್ರೆ ಲಿವರ್ ತಂಟೆಗೆ ಹೋಗಲ್ಲ, ಕಿಡ್ನಿ ಮೂಲಕ ಹೊರಗೆ ಹೋಗುತ್ತೆ, ಹಾಗಾಗಿ ಲಿವರ್ ಕೆಟ್ಟಿರೋರಿಗೂ ಕೊಡ್ತಾರೆ, ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಮಾತ್ರ ನೋಡ್ಕೋಬೇಕು. ಮೊದಲ್ನೇ ಹತ್ತು ದಿನ ಹೊಟ್ಟೆ ಕೆಟ್ಟು ಭೇದಿ, ಆಮೇಲೆ ಸರಿ ಹೋಯ್ತು. ನಿದ್ದೆ ಸುಧಾರಿಸಿದ್ದಂತೂ ನಿಜ, ಬೆಳಗಿನ ಜಾವ ಮೂರಕ್ಕೆ ಬೆವತು ಏಳೋದು ನಿಂತಿತು. ಆದ್ರೆ ಇದು ಆಗಲೇ ಬಿಟ್ಟಿರೋರಿಗೆ ಬಿಟ್ಟ ಹಾಗೇ ಇರಕ್ಕೆ ಸಹಾಯ ಮಾಡೋ ಮಾತ್ರೆ, ಇನ್ನೂ ವಾರಕ್ಕೆ ನಾಲ್ಕು ಸಲ ಕುಡೀತಿರೋ ನನ್ನಂಥೋನಿಗೆ ಸಾಲಲಿಲ್ಲ. ಮಧ್ಯಾಹ್ನದ ಡೋಸ್ ಕೆಲಸದ ಗಡಿಬಿಡೀಲಿ ತಪ್ಪೇ ತಪ್ಪುತ್ತೆ, ದಿನಕ್ಕೆ ಆರು ಮಾತ್ರೆ ಅಂದ್ರೆ ಜೇಬು ತುಂಬ ಸ್ಟ್ರಿಪ್ಪು. ಸಂಜೆ ಹಪಹಪಿಗೆ ಹತ್ತಕ್ಕೆ ಎಂಟು ಮಾರ್ಕ್ ಕೊಡ್ತಿದ್ದೋನು ಆರೂವರೆ ಏಳಕ್ಕೆ ಇಳಿದೆ, ಅಷ್ಟೇ.

ಮಧ್ಯೆ ಸ್ನಾಯು ಬಿಗಿತಕ್ಕೆ ಕೊಡೋ ಬ್ಯಾಕ್ಲೊಫೆನ್ ಒಂದು ಸುತ್ತು. ಫ್ರಾನ್ಸಿನ ಹೃದ್ರೋಗ ತಜ್ಞ ಒಲಿವಿಯೆ ಅಮೈಸೆನ್ ತನ್ನ ಮೇಲೇ ಪ್ರಯೋಗ ಮಾಡ್ಕೊಂಡು ಕುಡಿತದ ಆಸೆನೇ ಹೋಯ್ತು ಅಂತ ಬರೆದ ಮೇಲೆ ಇದಕ್ಕೆ ದೊಡ್ಡ ಹೆಸರು ಬಂತು, 2018ರಲ್ಲಿ ಅಲ್ಲಿನ ಸರ್ಕಾರ ದಿನಕ್ಕೆ 80 ಎಂಜಿ ಮೀರಬಾರದು ಅಂತ ಮಿತಿ ಹಾಕಿ ಒಪ್ಪಿಗೆನೂ ಕೊಡ್ತು. ನಾನು 30 ಎಂಜಿ ದಾಟೋಷ್ಟರಲ್ಲೇ ಮಧ್ಯಾಹ್ನ ಕೂತಲ್ಲೇ ತೂಕಡಿಕೆ, ಗಾಡಿ ಓಡ್ಸೋದು ಬಿಡಬೇಕಾಯ್ತು. ಇದನ್ನ ಏಕ್‌ದಂ ನಿಲ್ಲಿಸಿದ್ರೂ ಫಿಟ್ಸ್ ಬರಬಹುದು, ಹಾಗಾಗಿ ಇಳಿಸೋದಕ್ಕೇ ಎರಡು ಮೂರು ವಾರ ಹೋಯ್ತು. ನಂಗೆ ಒಗ್ಗಲಿಲ್ಲ, ಬೇರೆಯೋರಿಗೆ ಒಗ್ಗಿದ್ರೆ ಸಂತೋಷ.

ಇಷ್ಟು ಹೊತ್ತಿಗೆ ಮನೇಲಿ, ಆಫೀಸಲ್ಲಿ, ಸ್ನೇಹಿತರಲ್ಲಿ ಎಲ್ಲರದ್ದೂ ಒಂದೇ ರಾಗ, ಮಾತ್ರೆ ಮಾತ್ರೆ ಅಂತ ಒಂದೂವರೆ ವರ್ಷ ಕಳೆದೆ, ಇವನಿಗೆ ಬಿಡೋ ಮನಸ್ಸೇ ಇಲ್ಲ ಅಂತ. ಬಿಡೋ ಮನಸ್ಸಿಲ್ಲದೋನು ಯಾಕೆ ಒಂದಾದ್ಮೇಲೊಂದು ಔಷಧಿ ನುಂಗ್ತಾನೆ, ಅದನ್ನ ಯಾರೂ ಯೋಚನೆ ಮಾಡಲಿಲ್ಲ. ಸಕ್ಕರೆ ಕಾಯಿಲೆಗೆ, ಬಿಪಿಗೆ ಮನಸ್ಸು ಗಟ್ಟಿ ಮಾಡ್ಕೋ ಅಂತ ಯಾರೂ ಹೇಳಲ್ಲ. ಕುಡಿತಕ್ಕೆ ಮಾತ್ರ ಔಷಧಿ ಅಂದ್ರೆ ಅಡ್ಡದಾರಿ ಅಂತ ಲೆಕ್ಕ, ಈ ಮಾತು ನಂಗೆ ಈಗಲೂ ನೋವು ಕೊಡುತ್ತೆ.

ನಾಲ್ಟ್ರೆಕ್ಸೋನ್ ಕೂಡ ಮೊದಲ್ನೇ ಸಲ ಫೇಲ್ ಆಯ್ತು, ಇದನ್ನ ಜೋರಾಗಿ ಹೇಳ್ತೀನಿ, ಯಾಕಂದ್ರೆ ಮುಕ್ಕಾಲು ಜನ ಇಲ್ಲೇ ಕೈ ಬಿಡ್ತಾರೆ. ಬೆಳಗ್ಗೆ ಖಾಲಿ ಹೊಟ್ಟೇಲಿ 50 ಎಂಜಿ ಸೀದಾ ಶುರು ಮಾಡಿಸಿದ್ರು. ಹನ್ನೊಂದು ಗಂಟೆಗೆಲ್ಲ ವಾಕರಿಕೆ, ತಲೆನೋವು, ಮೈಯೆಲ್ಲ ಸಪ್ಪೆ. ಪುಸ್ತಕದ ಲೆಕ್ಕದಲ್ಲಿ 50 ಎಂಜಿ ಇಡೀ ದಿನಕ್ಕೆ ಸಾಕು, ಅದು ಸುಳ್ಳಲ್ಲ, ಬೆಳಗ್ಗೆ ತಗೊಂಡೇ ಗೆದ್ದೋರು ಬೇಕಾದಷ್ಟು ಜನ ಇದಾರೆ. ನನ್ನ ಮೈಗೆ ಮಾತ್ರ ಕಷ್ಟ ಎಲ್ಲ ಬೆಳಗ್ಗೆ, ಅನುಕೂಲ ಸಂಜೆ ಹೊತ್ತಿಗೆ ಕಾಣದ ಹಾಗೆ ಆಯ್ತು. ಬೆಳಗ್ಗೆ ವಾಕರಿಕೆ ನೆನೆಸ್ಕೊಂಡ್ರೆ ಮಾತ್ರೆ ಬಾಯಿಗೇ ಹೋಗ್ತಿರಲಿಲ್ಲ, ಒಂದು ದಿನ ಬಿಟ್ಟು ಒಂದು ದಿನ ಆಯ್ತು, ಮೂರು ವಾರಕ್ಕೆ ನಿಂತೇ ಹೋಯ್ತು.

ಆರೇಳು ತಿಂಗಳಾದ ಮೇಲೆ ಬೇರೆ ಡಾಕ್ಟ್ರ ಹತ್ರ ಹೋದೆ, ಈಗಲೂ ಅವರನ್ನೇ ನೋಡ್ತಿದೀನಿ. ಅವರು ಕೇಳಿದ ಮೊದಲ ಪ್ರಶ್ನೆನೇ ಬೇರೆ. ಎಷ್ಟು ಕುಡೀತೀಯ ಅಂತ ಕೇಳಲಿಲ್ಲ, ಎಷ್ಟು ಗಂಟೆಗೆ ಬೇಕು ಅನ್ಸುತ್ತೆ ಅಂದ್ರು. ಆರೂವರೆ ಅಂದೆ. ಒಂದು ವಾರ ನಿಜವಾಗ್ಲೂ ಗಡಿಯಾರ ನೋಡಿ ಬರ್ಕೊಂಡು ಬಾ ಅಂದ್ರು. ಬರೆದು ನೋಡಿದ್ರೆ ಆರೂವರೆ ಅನ್ನೋದು ಬಾಟಲಿ ತೆಗೆಯೋ ಹೊತ್ತು, ಆಸೆ ಹುಟ್ಟೋದು ಐದೂಕಾಲಿಗೆ, ಕೆಲಸ ಮುಗಿಸಿ ಬ್ಯಾಗ್ ಜೋಡಿಸ್ವಾಗ. ಅಲ್ಲಿಂದ ಮುಂದಿನ ಒಂದೂಕಾಲು ಗಂಟೆ ಪೂರ್ತಿ ನಾನು ಮನಸ್ಸಲ್ಲೇ ಕುಡೀತಿದ್ದೆ. ಈ ಒಂದು ವಾರದ ಚೀಟಿ ನಂಗೆ ಎಲ್ಲ ಔಷಧಿಗಿಂತ ಜಾಸ್ತಿ ಕಲಿಸ್ತು.

ಎಲ್‌ಎಫ್‌ಟಿ ಮಾಡಿಸಿದ್ರು, ಎಸ್‌ಜಿಪಿಟಿ ಅನ್ನೋ ಲಿವರ್ ಅಂಕಿ ಮಾಮೂಲಿಗಿಂತ ಎರಡು ಪಟ್ಟು ಇತ್ತು ಅನ್ಸುತ್ತೆ, ಪರವಾಗಿಲ್ಲ ಶುರು ಮಾಡೋಣ ಅಂದ್ರು. ಈ ಸಲ 50ರ ಮಾತ್ರೆ ಅರ್ಧ ಮಾಡಿ 25 ಎಂಜಿ, ಸಂಜೆ ನಾಲ್ಕೂಕಾಲಿಗೆ, ಹೊಟ್ಟೆಗೆ ಏನಾದ್ರೂ ಬಿದ್ದ ಮೇಲೆ. ಒಂದು ವಾರದ ಮೇಲೆ ಪೂರ್ತಿ 50. ಮಾತ್ರೆ ನುಂಗಿ ಒಂದು ಗಂಟೆ ಆಗೋವರೆಗೂ ಗ್ಲಾಸ್ ಮುಟ್ಟೋ ಹಾಗಿಲ್ಲ, ರಕ್ತದಲ್ಲಿ ಅದು ತುದಿ ಮುಟ್ಟೋಕೆ ಅಷ್ಟು ಹೊತ್ತು ಬೇಕು. ಬಿಡ್ಲೇಬೇಕು ಅಂತ ಅವರು ಹಠ ಹಿಡೀಲಿಲ್ಲ. ಕುಡಿದ್ರೆ ಮಾತ್ರೆ ಮೇಲೇ ಕುಡಿ, ಮಾತ್ರೆ ಇಲ್ದೆ ಒಂದು ಗುಟುಕೂ ಬೇಡ, ಇಷ್ಟೇ ಷರತ್ತು. ಜಾನ್ ಡೇವಿಡ್ ಸಿಂಕ್ಲೇರ್ ಅಂತ ಫಿನ್ಲೆಂಡಲ್ಲಿ ವರ್ಷಗಟ್ಟಲೆ ಇಲಿಗಳ ಮೇಲೆ ಕೆಲಸ ಮಾಡಿದ ವಿಜ್ಞಾನಿ ಹೇಳಿದ್ದ ದಾರಿ ಇದು. ಕುಡಿದಾಗ ಮೆದುಳಲ್ಲಿ ಎಂಡಾರ್ಫಿನ್ ಅನ್ನೋ ಖುಷಿ ರಾಸಾಯನಿಕ ಕೊಡೋ ಶಹಭಾಸ್‌ಗಿರಿ ಸಿಗದೇ ಇದ್ರೆ ಕುಡಿಯೋ ಆಸೆ ತಾನಾಗೇ ಬತ್ತುತ್ತೆ ಅನ್ನೋದು ಅವನ ವಾದ. ಯುರೋಪಲ್ಲಿ 2013ರಲ್ಲಿ ಇದರ ಅಣ್ಣತಮ್ಮ ನಾಲ್ಮೆಫೀನ್ 18 ಎಂಜಿಗೆ ಬೇಕಾದಾಗ ಮಾತ್ರ ತಗೊಳಿ ಅಂತಲೇ ಒಪ್ಪಿಗೆ ಕೊಟ್ಟಿದಾರೆ. ಎಲ್ಲರಿಗೂ ಡಾಕ್ಟ್ರು ಹೀಗೆ ಕೊಡಲ್ಲ, ಲಿವರ್ ತೀರಾ ಕೆಟ್ಟಿರೋರಿಗೆ, ಒಂದು ಗುಟುಕೂ ಕೂಡದು ಅನ್ನೋ ಸ್ಥಿತೀಲಿ ಇರೋರಿಗೆ ಇದು ಹೇಳಿ ಮಾಡಿಸಿದ ದಾರಿ ಅಲ್ಲ.

ಮೊದಲ ಹದಿನೈದು ದಿನ ನಂಗೇನೂ ಗೊತ್ತಾಗಲಿಲ್ಲ. ನಶೆ ಏರುತ್ತೆ, ನಾಲಿಗೆ ತೊದಲುತ್ತೆ, ಎಲ್ಲ ಮಾಮೂಲು. ಮಾತ್ರೆ ತಗೊಂಡ್ರೆ ನಶೆ ಏರಲ್ಲ ಅನ್ಕೊಂಡು ಗಾಡಿ ತೆಗೆಯೋರು ಇದಾರೆ, ಅದು ಶುದ್ಧ ತಪ್ಪು, ಬ್ಯಾಲೆನ್ಸ್ ತಪ್ಪೇ ತಪ್ಪುತ್ತೆ, ಖುಷಿ ಮಾತ್ರ ಇರಲ್ಲ. ಮೂರನೇ ವಾರದಲ್ಲಿ ಅನ್ಸುತ್ತೆ, ಒಂದು ರಾತ್ರಿ ಎರಡನೇ ಪೆಗ್ ಹಾಕ್ಕೊಂಡು ಫೋನ್ ನೋಡ್ತಾ ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಗ್ಲಾಸ್ ಕಡೆ ಕಣ್ಣು ಹೋಯ್ತು. ಐಸ್ ಪೂರ್ತಿ ಕರಗಿ ಬಣ್ಣ ತಿಳಿಯಾಗಿದೆ, ಗ್ಲಾಸ್ ಸುತ್ತ ಟೇಬಲ್ ಮೇಲೆ ನೀರಿನ ಉಂಗುರ, ಒಳಗೆ ಮುಕ್ಕಾಲು ಹಾಗೇ ಇದೆ. ಹತ್ತು ವರ್ಷದಲ್ಲಿ ನನ್ನ ಎದುರು ಗ್ಲಾಸಲ್ಲಿ ಐಸ್ ಕರಗಿದ್ದೇ ಇಲ್ಲ. ಅದನ್ನ ಮುಗಿಸ್ಬೇಕು ಅಂತ ಎತ್ತಿದೆ, ಬಾಯಿಗೆ ಹತ್ರ ತಂದೆ, ಯಾಕೋ ಬೇಡ ಅನ್ನಿಸ್ತು, ಸಿಂಕಿಗೆ ಸುರಿದು ಮಲಗಿದೆ. ಬೆಳಗ್ಗೆ ಹೆಂಡತಿಗೆ ಹೇಳಿದ್ರೆ ನಂಬಲಿಲ್ಲ, ಬಾಟಲಿ ತೋರಿಸಿದೆ.

ಅಲ್ಲಿಂದ ಸೀದಾ ಇಳಿಜಾರು ಅನ್ಕೋಬೇಡಿ. ಎರಡನೇ ತಿಂಗಳಲ್ಲಿ ಆರರಿಂದ ನಾಲ್ಕಕ್ಕೆ ಬಂತು, ಮೂರನೇ ತಿಂಗಳು ಒಂದು ಮನಸ್ತಾಪದಲ್ಲಿ ಮತ್ತೆ ಐದಾರಕ್ಕೆ ಏರಿತು, ನಾಲ್ಕನೇದ್ರಲ್ಲಿ ಎರಡು, ಆರನೇ ತಿಂಗಳಿಗೆ ವಾರದಲ್ಲಿ ಮೂರು ನಾಲ್ಕು ದಿನ ಕುಡೀದೇ ಇರೋದು ಅಭ್ಯಾಸ ಆಯ್ತು. ಒಲೆ ಆರಿಸಿದ ಮೇಲೂ ಪಾತ್ರೆ ಎಷ್ಟೋ ಹೊತ್ತು ಬಿಸಿ ಇರುತ್ತಲ್ಲ, ಆಸೆನೂ ಹಾಗೇ, ಒಂದೊಂದು ದಿನ ಮುಟ್ಟಿದ್ರೆ ಸುಡುತ್ತೆ. ಇಲ್ಲಿ ತಾಳ್ಮೆ ಬೇಕು. ಒಂದು ತಿಂಗಳು ತಗೊಂಡೆ ಏನೂ ಆಗಲಿಲ್ಲ ಅಂತ ಬಿಟ್ಟೋರನ್ನ ಎಷ್ಟು ಜನನ ನೋಡಿದೀನೋ, ಅವರಿಗೆಲ್ಲ ನಾಲ್ಕನೇ ತಿಂಗಳವರೆಗೆ ನಿಲ್ಲಿ ಅಂತ ಕೂಗಿ ಹೇಳ್ಬೇಕು ಅನ್ಸುತ್ತೆ.

ಇದರಲ್ಲಿ ಕೈ ಕೊಡೋ ಜಾಗ ಒಂದೇ, ಬೇಕಂತಲೇ ಮಾತ್ರೆ ಬಿಟ್ಟು ಕುಡಿಯೋದು. ಇವತ್ತೊಂದಿನ ಮಜಾ ಬೇಕು ಅಂತ ಮಾತ್ರೆ ಡ್ರಾಯರಲ್ಲೇ ಬಿಟ್ಟು ಹೋದ್ರೆ ಎರಡು ತಿಂಗಳ ಕೆಲಸ ಒಂದು ರಾತ್ರೀಲಿ ಮಣ್ಣುಪಾಲು, ಮೆದುಳು ಹಳೇ ಪಾಠನ ಎರಡೇ ದಿನದಲ್ಲಿ ನೆನಪು ಮಾಡ್ಕೊಳುತ್ತೆ. ಅದಕ್ಕೇ ನಾನು ಆಫೀಸ್ ಬ್ಯಾಗಲ್ಲಿ, ಗಾಡೀಲಿ, ಪರ್ಸಲ್ಲಿ, ಮೂರು ಕಡೆ ಮಾತ್ರೆ ಇಟ್ಟೆ, ಇಲ್ಲ ಅನ್ನೋ ನೆಪಕ್ಕೆ ಜಾಗನೇ ಬಿಡಲಿಲ್ಲ. ನಾಲ್ಕೂಕಾಲಿಗೆ ಫೋನಲ್ಲಿ ಅಲಾರಾಂ ಅಂತೂ ಎಲ್ಲರೂ ಇಡ್ತಾರೆ. ನಂದೊಂದು ಬೇರೆ ಉಪಾಯ ಇದೆ, ಅಲಾರಾಂ ಹೊಡೆದ ಮೇಲೂ ಮನಸ್ಸು ಹಿಂದೇಟು ಹಾಕೋ ಆ ಎರಡು ನಿಮಿಷಕ್ಕೆ, ಅದನ್ನ ಇಲ್ಲಿ ಬರೆಯಲ್ಲ, ಅದು ನನ್ನ ಮತ್ತು ನನ್ನ ಹೆಂಡತಿ ಮಧ್ಯದ ಒಪ್ಪಂದ. ನಿಮ್ಮ ಮನೇಲಿ ನೀವೇ ಒಂದು ಮಾಡ್ಕೊಳಿ, ಇನ್ನೊಬ್ಬರದ್ದು ಕೆಲಸಕ್ಕೆ ಬರಲ್ಲ.

ಈಗ ದುಡ್ಡಿನ ವಿಷ್ಯ, ಯಾಕಂದ್ರೆ ಎಲ್ಲರೂ ಗುಟ್ಟಾಗಿ ಕೇಳೋದು ಇದನ್ನೇ. ಎಣ್ಣೆಗೆ, ಅದರ ಜೊತೆಗೆ ಕುರುಕಲಿಗೆ, ಸ್ನೇಹಿತರ ಬಿಲ್ಲಿಗೆ, ರಾತ್ರಿ ಬಾಡಿಗೆ ಗಾಡಿಗೆ ಎಲ್ಲ ಸೇರಿ ಸಂಬಳದ ಮೂರನೇ ಒಂದು ಭಾಗ ಹೋಗ್ತಿತ್ತು. ನಾಲ್ಟ್ರೆಕ್ಸೋನ್, ಡಾಕ್ಟ್ರ ಫೀಸು, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮೂರೂ ಸೇರಿದ್ರೂ ಅದರ ಐದನೇ ಒಂದು ಭಾಗ ದಾಟಲಿಲ್ಲ. ಇದಕ್ಕೂ ಮೊದಲು ಹಾಳಾಗಿದ್ದೇ ಜಾಸ್ತಿ. ಯಾರಿಗೂ ಗೊತ್ತಾಗದ ಹಾಗೆ ಹತ್ತು ದಿನದಲ್ಲಿ ಬಿಡಿಸ್ತೀವಿ ಅನ್ನೋ ಜಾಹೀರಾತು ನೋಡಿ ಮನೆಯೋರು ತರಿಸಿದ ಪುಡಿಗೆ ಅರ್ಧ ತಿಂಗಳ ಸಂಬಳ, ಡಬ್ಬಿ ಮೇಲೆ ಒಳಗೇನಿದೆ ಅಂತ ಬರೆದೂ ಇರಲಿಲ್ಲ. ಒಂದು ಸೆಂಟರಲ್ಲಿ ತಿಂಗಳು ಇದ್ದು ಬಂದಿದ್ದಕ್ಕೆ ಮೂರು ತಿಂಗಳ ಸಂಬಳ ಹೋಯ್ತು, ಅಲ್ಲಿ ಬೆಳಗ್ಗೆ ಪ್ರಾರ್ಥನೆ, ಸಂಜೆ ಉಪದೇಶ, ಔಷಧಿ ಕೇಳಿದ್ರೆ ಒಂದು ಚಟ ಬಿಟ್ಟು ಇನ್ನೊಂದು ಹಿಡೀತೀಯ ಅಂತ ಬೈದು ಕಳಿಸಿದ್ರು. ನಾಲ್ಟ್ರೆಕ್ಸೋನಿಗೆ ನಶೆನೂ ಇಲ್ಲ, ಚಟನೂ ಹತ್ತಲ್ಲ, ನಿಲ್ಲಿಸಿದ್ರೆ ಕೈ ನಡುಗಲ್ಲ, ಇಷ್ಟು ಗೊತ್ತಿಲ್ಲದೋರು ಸೆಂಟರ್ ನಡೆಸ್ತಾರೆ ಅಂದ್ರೆ ಏನು ಹೇಳೋದು. ತಿಂಗಳಿಗೊಮ್ಮೆ ಸೊಂಟಕ್ಕೆ ಹಾಕೋ 380 ಎಂಜಿ ಇಂಜೆಕ್ಷನ್ನೂ ಇದೆ, 2006ರಿಂದ ಬಳಕೇಲಿದೆ, ಮಾತ್ರೆ ಮರೆಯೋರಿಗೆ ಒಳ್ಳೇದು, ಆದ್ರೆ ಒಂದು ಇಂಜೆಕ್ಷನ್ನಿನ ದುಡ್ಡಲ್ಲಿ ನಂಗೆ ಎಷ್ಟೋ ತಿಂಗಳ ಮಾತ್ರೆ ಬರ್ತಿತ್ತು, ಬೇಡ ಅಂದೆ. ಉಳಿದ ದುಡ್ಡನ್ನ ಹೆಂಡತಿ ಹೆಸರಲ್ಲಿ ಬೇರೆ ಅಕೌಂಟಿಗೆ ಸಂಬಳದ ದಿನವೇ ಕಳಿಸ್ತಾ ಬಂದೆ, ಒಂದೂವರೆ ವರ್ಷದಲ್ಲಿ ಕೈಸಾಲ ಪೂರ್ತಿ ತೀರಿತು. ಇದನ್ನ ಹೆಮ್ಮೆಯಿಂದಲೇ ಹೇಳ್ತೀನಿ.

ಮಧ್ಯೆ ಮಧ್ಯೆ ಏನೇನೋ ಪ್ರಯೋಗನೂ ಮಾಡ್ದೆ. ಆಲ್ಕೋಹಾಲ್ ಇಲ್ಲದ ಬಿಯರ್ ತಂದು ನೋಡಿದೆ, ವಾಸನೆ ಮೂಗಿಗೆ ಬಡಿದಿದ್ದೇ ತಡ, ಎರಡಕ್ಕೆ ಇಳಿದಿದ್ದ ಹಪಹಪಿ ಏಳಕ್ಕೆ ಹಾರಿತು, ಅವತ್ತೇ ಮುಚ್ಚಿಟ್ಟೆ. ಆಸೆ ಬಂದಾಗ ಸಿಹಿ ತಿನ್ನೋದು ಮೊದಲ ಎರಡು ತಿಂಗಳು ಚೆನ್ನಾಗಿ ಕೆಲಸ ಮಾಡ್ತು, ತೂಕ ನಾಲ್ಕು ಕೆಜಿ ಏರಿದ್ಮೇಲೆ ಕಮ್ಮಿ ಮಾಡ್ದೆ. ತಣ್ಣೀರು ಮುಖಕ್ಕೆ ಹಾಕ್ಕೊಂಡು ಗಡಿಯಾರ ಹಿಡಿದು ಕೂತು ನೋಡಿದೀನಿ, ಆಸೆ ಜೋರಾಗಿ ಏರಿ ತಾನಾಗೇ ಇಳಿಯೋಕೆ ಇಪ್ಪತ್ತು ಇಪ್ಪತ್ತೈದು ನಿಮಿಷ, ಅರ್ಧ ಗಂಟೆ ದಾಟಿದ್ದು ತೀರಾ ಕಮ್ಮಿ. ಇದು ಗೊತ್ತಾದ ಮೇಲೆ ಹೆದರಿಕೆ ಅರ್ಧ ಹೋಯ್ತು, ಅರ್ಧ ಗಂಟೆ ತಾನೇ, ನಡ್ಕೊಂಡು ಒಂದು ಸುತ್ತು ಬಂದ್ರೆ ಆಯ್ತು.

ಇನ್ನೊಂದು ಗಮನಕ್ಕೆ ಬಂದಿದ್ದು ವ್ಯಾಯಾಮ. ಮಾತ್ರೆ ತಗೊಂಡ ಸಂಜೆ ಓಡಿದ್ರೆ ಓಡಿದ ಮೇಲೆ ಬರೋ ಆ ಹಗುರ ಅನ್ನಿಸೋದು ಬರ್ತಾನೇ ಇರಲಿಲ್ಲ, ಹಾಡು ಕೇಳಿದ್ರೂ ಸಪ್ಪೆ. ಎಂಡಾರ್ಫಿನ್ ಬಾಗಿಲು ಮುಚ್ಚಿದಾಗ ಎಣ್ಣೆಗೊಂದೇ ಮುಚ್ಚಲ್ಲ, ಎಲ್ಲ ಖುಷಿಗೂ ಸ್ವಲ್ಪ ಮುಚ್ಚುತ್ತೆ. ಹಾಗಾಗಿ ಕುಡಿಯೋದು ಕಮ್ಮಿ ಆಗಿ ಮಾತ್ರೆ ಇಲ್ಲದ ದಿನಗಳು ಶುರುವಾದ ಮೇಲೆ, ಡಾಕ್ಟ್ರನ್ನ ಕೇಳ್ಕೊಂಡೇ, ಆ ದಿನಗಳ ಬೆಳಗ್ಗೆನೇ ಓಟ, ಈಜು, ಮಕ್ಕಳ ಜೊತೆ ಆಟ ಎಲ್ಲ ಇಟ್ಕೊಂಡೆ. ಖುಷಿ ಆಗೋ ಕೆಲಸ ಮಾತ್ರೆ ಇಲ್ಲದ ದಿನ, ಎಣ್ಣೆ ಮುಟ್ಟಿದ್ರೆ ಮಾತ್ರೆ ಇರೋ ದಿನ. ಇದರಿಂದ ಮೆದುಳಿಗೆ ಯಾವುದು ಬೇಕು ಅಂತ ಅದೇ ಆರಿಸ್ಕೊಂಡ ಹಾಗಾಯ್ತು. ಪೂರ್ತಿ ಬಿಟ್ಟ ದಿನಕ್ಕೆ ಅಂತ ಮುಹೂರ್ತ ಏನೂ ಇಡಲಿಲ್ಲ, ಒಂದು ವರ್ಷದ ಹತ್ರ ಬಂದಾಗ ತಿಂಗಳಿಗೆ ಒಂದೆರಡು ಸಲಕ್ಕೆ ಇಳಿದಿತ್ತು, ಕೊನೇ ಬಾಟಲಿ ಅರ್ಧ ಹಾಗೇ ಉಳಿದಿತ್ತು, ಇನ್ನು ಯಾಕೆ ಅಂತ ಡಾಕ್ಟ್ರಿಗೆ ಹೇಳಿ ನಿಲ್ಲಿಸಿದೆ. ಆಗ ಅವರು ಐದಾರು ತಿಂಗಳಿಗೆ ಮತ್ತೆ ಅಕ್ಯಾಂಪ್ರೊಸೇಟ್ ಸೇರಿಸಿದ್ರು, ಬಿಟ್ಟ ಮೇಲೆ ಅದೇ ಮಾತ್ರೆ ಚೆನ್ನಾಗಿ ಕೆಲಸ ಮಾಡ್ತು.

ಸಂಶೋಧನೆ ಏನು ಹೇಳುತ್ತೆ ಅಂತ ಕೇಳೋರಿಗೆ: 1992ರಲ್ಲಿ ಅಮೆರಿಕದ ಸಂಶೋಧಕರಾದ ವಾಲ್ಪಿಚೆಲಿ ಒಂದು ಕಡೆ, ಓಮ್ಯಾಲಿ ಇನ್ನೊಂದು ಕಡೆ ತಂಡ ಕಟ್ಟಿ ನಾಲ್ಟ್ರೆಕ್ಸೋನ್ ಕೆಲಸ ಮಾಡುತ್ತೆ ಅಂತ ಪರೀಕ್ಷೆ ಮಾಡಿ ತೋರಿಸಿದ್ರು, 1994ರ ಕೊನೇಲಿ ಅಮೆರಿಕದಲ್ಲಿ ಕುಡಿತದ ಚಿಕಿತ್ಸೆಗೆ ಅದಕ್ಕೆ ಒಪ್ಪಿಗೆ ಸಿಕ್ಕಿತು. 2006ರಲ್ಲಿ ಬಂದ ಕಂಬೈನ್ ಅನ್ನೋ ದೊಡ್ಡ ಅಧ್ಯಯನದಲ್ಲಿ ಸಾವಿರದ ಮುನ್ನೂರಕ್ಕೂ ಜಾಸ್ತಿ ಜನ ಇದ್ರು, ಅದರಲ್ಲಿ ನಾಲ್ಟ್ರೆಕ್ಸೋನ್ ಜೊತೆಗೆ ಡಾಕ್ಟ್ರ ಹತ್ರ ತಪ್ಪದೇ ಹೋಗಿ ಬರೋದು ಚೆನ್ನಾಗೇ ಕೆಲಸ ಮಾಡಿತ್ತು. ಎಲ್ಲ ಅಧ್ಯಯನ ಒಟ್ಟು ಹಾಕಿ ನೋಡಿದ್ರೆ ಹನ್ನೆರಡು ಜನಕ್ಕೆ ಕೊಟ್ರೆ, ಬರೀ ಸಕ್ಕರೆ ಗುಳಿಗೆ ಕೊಟ್ಟಿದ್ದಕ್ಕಿಂತ ಒಬ್ಬ ಹೆಚ್ಚಿನೋನು ಮಿತಿಮೀರಿ ಕುಡಿಯೋದಕ್ಕೆ ವಾಪಸ್ ಹೋಗದೇ ಉಳೀತಾನೆ. ಕಮ್ಮಿ ಅನ್ಸುತ್ತಾ? ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳ ಲೆಕ್ಕ ತೆಗೆದು ನೋಡಿ, ಆಮೇಲೆ ಮಾತಾಡಿ. ಆ ಹನ್ನೆರಡರಲ್ಲಿ ಒಬ್ಬ ನಾನೇ ಅಂತ ನಂಗೆ ನಂಬಿಕೆ. ಜಿಜಿಟಿ ಈಗ ನಲವತ್ತರ ಆಸುಪಾಸು, ಎಂಸಿವಿ 92ಕ್ಕೆ ಬಂದಿದೆ, ಲ್ಯಾಬಿನೋರು ಇದು ನಿಮ್ಮದೇ ರಿಪೋರ್ಟಾ ಅಂತ ಹೆಸರು ಎರಡು ಸಲ ನೋಡಿದ್ರು.

ಶುರು ಮಾಡೋರು ಒಂದು ವಿಷ್ಯ ಮರೀಬೇಡಿ. ನಾಲ್ಟ್ರೆಕ್ಸೋನ್ ಮೈಯಲ್ಲಿ ಇದ್ರೆ ಟ್ರಮಾಡಾಲ್, ಕೋಡೀನ್, ಮಾರ್ಫಿನ್ ಜಾತಿಯ ನೋವಿನ ಔಷಧಿ ಕೆಲಸ ಮಾಡಲ್ಲ, ಆಗಲೇ ಅವನ್ನ ದಿನಾ ತಗೋತಿರೋರು ಇದನ್ನ ನುಂಗಿದ್ರೆ ಭಯಂಕರ ವಿತ್‌ಡ್ರಾಯಲ್ (ಆ ಔಷಧಿ ತಟ್ಟನೆ ನಿಂತಾಗ ಆಗೋ ನರಳಾಟ) ಆಗುತ್ತೆ, ಏಳರಿಂದ ಹತ್ತು ದಿನದ ಅಂತರ ಬೇಕೇ ಬೇಕು. ಕೆಲವು ಕೆಮ್ಮಿನ ಸಿರಪ್ಪಲ್ಲೂ ಕೋಡೀನ್ ಇರುತ್ತೆ, ಅಂಗಡೀಲಿ ಕೇಳಿ. ನಂಗೆ ಹಲ್ಲು ಕೀಳ್ಸೋದಿತ್ತು, ಡೆಂಟಿಸ್ಟಿಗೆ ಮೊದಲೇ ಹೇಳಿದ್ದಕ್ಕೆ ಬೇರೆ ಜಾತಿ ನೋವಿನ ಮಾತ್ರೆ ಕೊಟ್ಟು ಸುಧಾರಿಸಿದ್ರು. ಆಪರೇಷನ್ ಏನಾದ್ರೂ ಇದ್ರೆ ಎಷ್ಟು ದಿನ ಮುಂಚೆ ನಿಲ್ಲಿಸ್ಬೇಕು ಅಂತ ಎರಡೂ ಡಾಕ್ಟ್ರನ್ನ ಮಾತಾಡಿಸಿ. ಕಣ್ಣು ಹಳದಿ ಆದ್ರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದ್ರೆ, ಬಲಗಡೆ ಪಕ್ಕೆ ಕೆಳಗೆ ನೋವು ಬಂದ್ರೆ ಮಾತ್ರೆ ನಿಲ್ಲಿಸಿ ಅವತ್ತೇ ಹೋಗಿ ತೋರಿಸಿ.

ಎಷ್ಟು ದಿನ ತಗೋಬೇಕು ಅನ್ನೋದಕ್ಕೆ ನನ್ನ ಡಾಕ್ಟ್ರ ಲೆಕ್ಕ ಕಮ್ಮಿ ಅಂದ್ರೂ ಆರು ತಿಂಗಳು, ಆಗುತ್ತೆ ಅಂದ್ರೆ ಒಂದು ವರ್ಷ. ನಾನು ದಿನಾ ತಗೊಳೋದು ನಿಲ್ಲಿಸಿ ತುಂಬಾ ತಿಂಗಳಾಯ್ತು, ಆದ್ರೆ ಪರ್ಸಲ್ಲಿ ಒಂದು ಸ್ಟ್ರಿಪ್ಪು ಈಗಲೂ ಇದೆ, ಎಣ್ಣೆ ಹರಿಯೋ ಪಾರ್ಟಿಗೆ ಹೋಗಲೇಬೇಕಾದ್ರೆ ಒಂದು ಗಂಟೆ ಮುಂಚೆ ಒಂದು ನುಂಗಿ ಹೋಗ್ತೀನಿ, ಅಲ್ಲಿ ನೀರು ಕುಡ್ಕೊಂಡು ಬರ್ತೀನಿ. ಸ್ಟ್ರಿಪ್ ಹಿಂದೆ ಎಕ್ಸ್‌ಪೈರಿ ತಾರೀಖು ನೋಡಿ ಬದಲಾಯಿಸ್ತಾ ಇರಿ, ನನ್ನದು ಮುಂದಿನ ತಿಂಗಳು ಮುಗಿಯುತ್ತೆ, ಹೊಸಾ ಚೀಟಿ ಬರೆಸ್ಕೊಳೋ ದಿನವೇ ಎಲ್‌ಎಫ್‌ಟಿನೂ ಮಾಡ್ಸೋದು ಅಂತ ಡಾಕ್ಟ್ರು ಹೇಳಿದಾರೆ.